ಹಾಲೆಂಡಿನ ಇಗರ್ಜಿಯಲ್ಲಿ ಗಟ್ಟಿಮೇಳ

ಹೊನ್ನಾವರ

ಶರಾವತಿ ಸೇತುವೆಯ ತುದಿಯಲ್ಲಿ ಛಾಯಾಚಿತ್ರ ತೆಗೆಯಬಾರದೆಂಬ ಫಲಕವಿದೆ. ಶತ್ರುಗಳು ನಮ್ಮ ಸೇತುವೆಯ ಚಿತ್ರ ಹಿಡಿದುಕೊಂಡು ಬಂದಾರೆಂಬ ಭಯ ಸರ್ಕಾರಕ್ಕೆ. ಆ ಫಲಕದ ಕಂಬಕ್ಕೆ ಒರಗಿ ಫೋಟೊ ತೆಗೆಸಿಕೊಳ್ಳದ ಹೊಸ ಜೋಡಿ ಹೊನ್ನಾವರದಲ್ಲಿ ಕಡಿಮೆ. ಎಂಬತ್ತರ ದಶಕದ ಒಂದು ಮಳೆಗಾಲದಲ್ಲಿ ನಾನು ಹಾಲೆಂಡಿಗೆ ಹೊರಟಾಗ ಕ್ಯಾಮೆರಾ ನಿಷೇಧದ ಬಗ್ಗೆ ನನಗಿದ್ದ ತಿಳಿವಳಿಕೆ ಇಷ್ಟೇ: ಫಲಕವೂ ಇರುತ್ತದೆ, ಫೋಟೊವೂ ಇರುತ್ತದೆ.

ಆಗ ನಾನು ಕುಮಟಾದ ಒಂದು ವಾರಪತ್ರಿಕೆಯ ವರದಿಗಾರ. ಪುರಸಭೆಯ ಜಗಳ, ಬಂದರಿನ ಹೂಳು, ಘಟ್ಟದಲ್ಲಿ ಮಗುಚಿದ ಲಾರಿ, ಇವನ್ನು ಬರೆದುಕೊಂಡಿದ್ದವನಿಗೆ ಪರದೇಶದ ಯೋಗ ಬಂದದ್ದು ಪಂಚವಾದ್ಯದಿಂದ. ಹಿಂದಿನ ವರ್ಷ ಮಾರೀಕೆ ಎಂಬ ಡಚ್ ಮಹಿಳೆ ನಮ್ಮ ಕಡೆ ಬಂದು, ಬೆಳಗಿನ ಪೂಜೆಯ ಹೊತ್ತಿಗೆ ದೇವಸ್ಥಾನದ ಬಾಗಿಲಲ್ಲಿ ಕುಳಿತು ವಾದ್ಯವನ್ನು ಟೇಪ್ ಮಾಡಿಕೊಂಡು ಹೋಗಿದ್ದರು. ಅವರ ಊರಿನಲ್ಲಿ ನಡೆಯುವ ಸಂಗೀತೋತ್ಸವಕ್ಕೆ ಹೆಸರಿಗೆ ಪಂಚವಾದ್ಯವಾದರೂ ನಾಲ್ವರೇ ಇದ್ದ ನಮ್ಮ ಮೇಳಕ್ಕೆ ಕರೆ ಬಂತು. ಇಂಗ್ಲಿಷ್ ಬಲ್ಲ ಒಬ್ಬರು ಜೊತೆಗಿರಲಿ ಎಂದು ಬರೆದಿದ್ದರು. ಮಾರೀಕೆಗೆ ಪರಿಚಯವಿದ್ದ ಇಂಗ್ಲಿಷ್ ಬಲ್ಲವನು ನಾನೊಬ್ಬನೇ.

ಮೇಳದ ಹಿರಿಯರು ಮಂಜಪ್ಪಣ್ಣ. ಹೊನ್ನಾವರದ ಹೊರಗೆ, ಹೊಳೆಯ ದಂಡೆಯಲ್ಲಿ ಮನೆ. ಅವರು ಊದುವುದು ಮೌರಿ. ಶಹನಾಯಿಯ ಕುಟುಂಬದ್ದೇ, ಆದರೆ ದನಿ ಹೆಚ್ಚು ಗಡಸು. ಅರವತ್ತು ದಾಟಿದ ಅವರ ಕೆಳಗಿನ ಮುಂದಿನ ಎರಡು ಹಲ್ಲು ಅಲ್ಲಾಡುತ್ತಿದ್ದವು. ಕೀಳಿಸದೆ ಉಪಾಯವಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಹಲ್ಲು ಹೋದರೆ ತುಟಿಗೆ ಆಧಾರವಿಲ್ಲ, ಉಸಿರು ನಿಲ್ಲುವುದಿಲ್ಲ, ಮೌರಿ ಅಲ್ಲಿಗೆ ಮುಗಿಯಿತು.

“ಹಾಲೆಂಡಿಂದ ಬಂದ್ಮೇಲೆ ಕೀಳ್ಸ್ತೆ. ಅಲ್ಲಿವರೆಗೆ ಸುಮ್ನೆ ಕೂತ್ಕಂಡಿರು ಹೇಳಿ ಹಲ್ಲಿಗೆ ಹೇಳಿಟ್ಟಿದ್ದೆ,” ಎಂದರು. ಹಲ್ಲು ಉಳಿಸಿಕೊಳ್ಳಲು ಆ ತಿಂಗಳು ದೇವಸ್ಥಾನದ ಸೇವೆಯನ್ನೂ ತಮ್ಮನಿಗೆ ಬಿಟ್ಟುಕೊಟ್ಟು ಮನೆಯಲ್ಲಿ ಕುಳಿತಿದ್ದರು.

ಅವರ ಹೆಂಡತಿ ದೇವಕ್ಕ ಚಾ ತಂದಿಟ್ಟು ಅಲ್ಲೇ ನಿಂತರು. “ನಾಯಕ್ರೆ, ನನ್ನದೊಂದು ಕೆಲ್ಸ ಮಾಡಿ ಕೊಡಿ. ಇವ್ರು ಊದು ಪಟ ಒಂದು ತೆಗ್ದು ತನ್ನಿ.”

“ಒಂದೂ ಇಲ್ವೇ? ಇಷ್ಟು ಮದುವೆಗೆ ಊದಿದ್ದಾರೆ.”

“ಊದಿದ್ರು. ಪಟ ಎಲ್ಲಿ ಬತ್ತದೆ?”

ಉತ್ತರ ಹೇಳಿದವನು ಬೆಳಕೆ ಎಂಬ ಊರಿನಿಂದ ಬಂದಿದ್ದ ಡೋಲಿನ ಸುಬ್ಬ. ನಾಲ್ವರಲ್ಲಿ ಕಿರಿಯ, ಬಾಯಿ ಮಾತ್ರ ಎಲ್ಲರಿಗಿಂತ ಹಿರಿದು. “ನಾವು ಕೂತ್ಕಳ್ಳುದು ಚಪ್ಪರದ ಬಾಗ್ಲಲ್ಲಿ. ಫೋಟೊದವ್ನು ನಿಲ್ಲುದು ಮಂಟಪಕ್ಕೆ ಮುಖ ಮಾಡಿ. ನಮ್ಗೆ ಕಾಣುದು ಅವ್ನ ಬೆನ್ನು. ಎಷ್ಟು ಆಲ್ಬಮ್ ಹುಡ್ಕಿದ್ದೆ ನಾನು! ಒಂದ್ರಲ್ಲಿ ನನ್ನ ಡೋಲಿನ ಕೋಲು ಬಂದದೆ.”

ಈಗಲೇ ಅಂಗಳದಲ್ಲಿ ತೆಗೆದರಾಯಿತು, ಊದಿ ಎಂದೆ. ಮಂಜಪ್ಪಣ್ಣ ಒಪ್ಪಲಿಲ್ಲ. “ಪೂಜೆ ಇಲ್ಲ, ಮದ್ವೆ ಇಲ್ಲ. ಸುಮ್ನೆ ಬಾಯಲ್ಲಿ ಇಟ್ಕಂಡು ಪಟ ತೆಗ್ಸಿದ್ರೆ ಬೀಡಿ ಸೇದ್ದಂಗೆ ಕಾಣ್ತದೆ. ಮೇಳ ಕೂತು, ಎದುರಿಗೆ ಜನ ಕೂತು, ಉಸ್ರು ತುಂಬ್ದಾಗ ತೆಗೀರಿ. ಒಂದೇ ಸಾಕು.”

ಹಾಗಾದರೆ ಹಾಲೆಂಡಿನಲ್ಲೇ ತೆಗೆಯಬೇಕು. ತೆಗೆಯುತ್ತೇನೆ ಎಂದು ಮಾತು ಕೊಟ್ಟೆ. ನನ್ನ ಮಟ್ಟಿಗೆ ಅದು ಮಾತು ಕೊಡುವಷ್ಟು ದೊಡ್ಡ ಕೆಲಸವಾಗಿ ಕಾಣಲೂ ಇಲ್ಲ.

ಆ ದಿನ ತಿಳಿದ ಇನ್ನೊಂದು ಸಂಗತಿಯನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಮಾಂಗಲ್ಯ ಕಟ್ಟುವ ಗಳಿಗೆಗೆ ಎಲ್ಲ ವಾದ್ಯಗಳೂ ಒಟ್ಟಿಗೆ ಜೋರಾಗಿ ಮೊಳಗಬೇಕು, ಅದು ಗಟ್ಟಿಮೇಳ. ಭಟ್ಟರು ಕೈ ಎತ್ತಿ ಸನ್ನೆ ಮಾಡುತ್ತಾರೆ. ಆದರೆ ಆ ಹೊತ್ತಿಗೆ ನೆಂಟರೆಲ್ಲ ಎದ್ದು ಮಂಟಪವನ್ನು ಮುತ್ತಿರುತ್ತಾರೆ. ಬಾಗಿಲಲ್ಲಿ ಕುಳಿತವರಿಗೆ ಭಟ್ಟರ ಕೈ ಎಲ್ಲಿ ಕಾಣಬೇಕು? ಫ್ಲ್ಯಾಶ್ ಕ್ಯಾಮೆರಾ ಬಂದ ಮೇಲೆ ಇವರಿಗೆ ಸುಲಭವಾಯಿತು. ದುಬಾರಿ ವಸ್ತುವೆಂದು ಫೋಟೊದವನು ಅದನ್ನು ಮಾಂಗಲ್ಯಕ್ಕೇ ಮೀಸಲಿಡುತ್ತಿದ್ದ. ಜನರ ತಲೆಗಳ ಆಚೆ ಬಿಳಿ ಬೆಳಕು ಚಿಮ್ಮಿತೆಂದರೆ ಗಟ್ಟಿಮೇಳ.

“ಕಾಯ್ಕಿಣಿಲಿ ಒಂದ್ಸಲ ಆತಲ್ಲ,” ಎಂದ ಸುಬ್ಬ. “ಹುಡ್ಗನ ಮಾವ ಫ್ಲ್ಯಾಶ್ ಸರಿ ಇದ್ದಾ ನೋಡ್ತೆ ಹೇಳಿ ಒತ್ತಿಬಿಟ್ಟ. ನಾವು ಹೊಡ್ದೇ ಬಿಟ್ವು. ಜನ ಎಲ್ಲ ಎದ್ದು ಅಕ್ಷತೆ ಒಗೆದ್ರು. ಹುಡ್ಗಿ ಇನ್ನೂ ಒಳ್ಗೆ ಜಡೆ ಹಾಕಿಸ್ಕಳ್ತಾ ಇತ್ತು.”

“ಮಿಂಚಿದರೆ?” ಎಂದು ಕೇಳಿದೆ.

“ಮಳೆಗಾಲದಲ್ಲಿ ಮದ್ವೆ ಯಾರು ಮಾಡ್ತ್ರು ನಾಯಕ್ರೆ?”

ಮಂಜಪ್ಪಣ್ಣ ಹೆಂಡತಿಯ ಕಡೆ ಗಲ್ಲ ಚಾಚಿ ನಕ್ಕರು. “ಇವ್ಳದ್ದು ಇನ್ನೂ ತಮಾಷೆ. ಹತ್ರದ ಕೇರಿಲಿ ಮದ್ವೆ ಇದ್ರೆ ಗಟ್ಟಿಮೇಳ ಇಲ್ಲಿಗೇ ಕೇಳ್ತದೆ. ಕೇಳಿದ್ಕೂಡ್ಲೆ ‘ಹಾಂ, ಪಟ ತೆಗ್ದ್ರು’ ಹೇಳಿ ಒಲೆಗೆ ಬೆಂಕಿ ಮಾಡ್ತದೆ.”

“ಮತ್ತೆ ಸ್ನಾನಕ್ಕೆ ನೀರು ಕಾಯುದು ಬೇಡ್ವಾ?” ಎಂದರು ದೇವಕ್ಕ. “ಪಟ ತೆಗ್ದ್ರು ಅಂದ್ರೆ ಇನ್ನು ಇವ್ರು ಮನೆಗೆ ಬಂದಂಗೇ.”

ಭಟ್ಕಳ

ನಮ್ಮ ಪತ್ರಿಕೆಗೆ ಕ್ಯಾಮೆರಾ ಇರಲಿಲ್ಲ. ಭಟ್ಕಳದ ಪೇಟೆಯಲ್ಲಿ ಇಸ್ಮಾಯಿಲ್ ಎಂಬ ಸ್ನೇಹಿತನ ಅಂಗಡಿಯಿತ್ತು. ಅವನ ಇಬ್ಬರು ಅಣ್ಣಂದಿರು ದುಬೈಯಲ್ಲಿ. ಅಂಗಡಿಯಲ್ಲಿ ವಾಚು, ಟೇಪ್ ರೆಕಾರ್ಡರು, ಸೆಂಟಿನ ಬಾಟಲಿ. ಮನೆಬಳಕೆಗೆ ಇಟ್ಟುಕೊಂಡಿದ್ದ ಜಪಾನಿ ಕ್ಯಾಮೆರಾವನ್ನು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ಕೊಟ್ಟ. ಫ್ಲ್ಯಾಶನ್ನು ಬೇರೆಯಾಗಿ ಕೊಟ್ಟ.

“ನಾಯಕ್ ಸಾಬ್, ಭಟ್ಕಳದ ಜನ ಹೊರದೇಶದಿಂದ ಕ್ಯಾಮೆರಾ ತರ್ತಾರೆ. ಇಲ್ಲಿಂದ ಕ್ಯಾಮೆರಾ ತಗೊಂಡು ಹೊರದೇಶಕ್ಕೆ ಹೋಗುವವರನ್ನ ನಾನು ನೋಡಿದ್ದು ಇವತ್ತೇ,” ಎಂದ.

“ಕೆಲಸ ಇದೆ.”

“ಕೆಲಸ ಇರಲಿ. ಅಲ್ಲಿ ಕಸ್ಟಮ್ಸಿನವರು ಇದನ್ನ ಮಾರಕ್ಕೆ ತಂದಿದ್ದು ಅಂದ್ಕೊಂಡರೆ ನನ್ನ ಹೆಸರು ಹೇಳಬೇಡಿ. ನಮ್ಮ ಮನೆಯವರನ್ನ ಕಂಡರೆ ಕಸ್ಟಮ್ಸಿನವರಿಗೆ ಮೊದಲೇ ಪ್ರೀತಿ ಜಾಸ್ತಿ.”

ಮುಂಬಯಿ, ಆಮ್ಸ್ಟರ್‌ಡ್ಯಾಮ್

ಮುಂಬಯಿ ವಿಮಾನ ನಿಲ್ದಾಣದಲ್ಲಿ ನನ್ನ ಕ್ಯಾಮೆರಾವನ್ನು ಯಾರೂ ಕೇಳಲಿಲ್ಲ. ತಡೆದದ್ದು ಮಂಜಪ್ಪಣ್ಣನ ಕುಂಕುಮದ ಭರಣಿಯನ್ನು. ಮೂಸಿ ನೋಡಿದ ಅಧಿಕಾರಿಯ ಮೂಗಿಗೆ ಕುಂಕುಮ ಹತ್ತಿ, ಅವರು ಅದೇ ಮುಖದಲ್ಲಿ ಮುಂದಿನ ಪ್ರಯಾಣಿಕರನ್ನು ಗದರಿಸುತ್ತಿದ್ದರು.

ಆಮ್ಸ್ಟರ್‌ಡ್ಯಾಮಿನಲ್ಲಿ ಆದದ್ದು ಬೇರೆ. ಮೌರಿಯ ಬಾಯಿಗೆ ಸಿಕ್ಕಿಸುವ ತಾಳೆಗರಿಯ ಪೀಪಿಗಳನ್ನು ಮಂಜಪ್ಪಣ್ಣ ಒಂದು ತಗಡಿನ ಡಬ್ಬಿಯಲ್ಲಿ ಇಟ್ಟಿದ್ದರು. ಕಸ್ಟಮ್ಸಿನ ಯುವತಿ ಒಂದನ್ನು ಚಿಮಟದಲ್ಲಿ ಎತ್ತಿ ಇದೇನೆಂದು ಕೇಳಿದಳು. ನಾನು ಇಂಗ್ಲಿಷಿನಲ್ಲಿ ವಿವರಿಸುವ ಮೊದಲೇ ಮಂಜಪ್ಪಣ್ಣ ಒಂದು ಪೀಪಿಯನ್ನು ನಾಲಿಗೆಯ ಮೇಲಿಟ್ಟು ಒಮ್ಮೆ ಕೀಂ ಎನ್ನಿಸಿದರು. ಆಸುಪಾಸಿನ ಸಾಲುಗಳೆಲ್ಲ ತಿರುಗಿ ನೋಡಿದವು. ಆಕೆ ನಗಲಿಲ್ಲ, ರೇಗಲಿಲ್ಲ. ಡಬ್ಬಿಯನ್ನು ಮುಚ್ಚಿ ಎರಡೂ ಕೈಯಿಂದ ವಾಪಸು ಕೊಟ್ಟಳು. ಸರ್ಕಾರಿ ಸಮವಸ್ತ್ರದವರು ವಸ್ತುವನ್ನು ಎರಡು ಕೈಯಲ್ಲಿ ಹಿಂದಿರುಗಿಸಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಹೊರಗೆ ಮಾರೀಕೆ ಕಾಯುತ್ತಿದ್ದರು. ನಮ್ಮ ಕಡೆ ಕಲಿತ ಕನ್ನಡ ಅವರ ಬಾಯಲ್ಲಿ ಇನ್ನೂ ಉಳಿದಿತ್ತು. “ಊಟ ಆತಾ?” ಎಂದರು. ಸುಬ್ಬ ಆ ಕ್ಷಣದಿಂದ ಅವರನ್ನು ಮಾರಕ್ಕ ಎಂದು ಕರೆಯತೊಡಗಿದ. ಅವರು ಆ ಹೆಸರಿಗೆ ಓಗೊಟ್ಟರು.

ಅವರ ಊರಿನವರೆಗೆ ರೈಲು. ಹೊಳೆ ಸಮುದ್ರ ಸೇರುವಲ್ಲಿನ ನಮ್ಮ ಗಜನಿ ಗದ್ದೆಗಳಂತೆ ಸಮುದ್ರದ ಮಟ್ಟಕ್ಕೆ ತಗ್ಗಿದ ನೆಲ, ನೀರು ತಡೆಯಲು ಒಡ್ಡುಗಳು. ಸುಬ್ಬ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. “ಇಷ್ಟು ನೀರು ಅದೆ, ಒಬ್ನೂ ಬಲೆ ಒಗೀತಾ ಇಲ್ಲ,” ಎಂದು ಮರುಗಿದ. ರೈಲು ಡಬ್ಬಿಯಲ್ಲಿ ಹತ್ತಾರು ಜನರಿದ್ದರು, ಮಾತಾಡುತ್ತಿದ್ದವರು ನಾವಷ್ಟೇ. ಎದುರಿನ ಗೃಹಸ್ಥರು ಒಮ್ಮೆ ಪತ್ರಿಕೆಯನ್ನು ಕೆಳಗಿಳಿಸಿ ನಮ್ಮನ್ನು ನೋಡಿ ಮತ್ತೆ ಎತ್ತಿಕೊಂಡರು.

“ಯಾರೋ ತೀರ್ಕಂಡ ಮನೆಗೆ ಹೋಪವ್ರಂಗೆ ಕೂತಿದ್ರಲ್ಲ ಎಲ್ಲ,” ಎಂದು ಮಂಜಪ್ಪಣ್ಣ ನನ್ನ ಕಿವಿಯಲ್ಲಿ ಹೇಳಿದರು.

ಇಗರ್ಜಿಯ ಬಾಗಿಲು

ನಮ್ಮ ಕಾರ್ಯಕ್ರಮ ಇಟ್ಟದ್ದು ಒಂದು ಹಳೆಯ ಇಗರ್ಜಿಯಲ್ಲಿ. ಪ್ರಾರ್ಥನೆ ನಿಂತು ಎಷ್ಟೋ ಕಾಲವಾಗಿ, ಈಗ ಅದು ಸಂಗೀತದ ಸಭಾಂಗಣ. ಒಬ್ಬ ದೇವರು ಮನೆ ಖಾಲಿ ಮಾಡಿ ಹೋದ ಜಾಗಕ್ಕೆ ಬಾಡಿಗೆಗೆ ಬಂದಂತೆ ಮಂಜಪ್ಪಣ್ಣನಿಗೆ ಅನಿಸಿರಬೇಕು. ಹೊಸ್ತಿಲಲ್ಲೇ ಚಪ್ಪಲಿ ಬಿಟ್ಟರು. ಉಳಿದ ಮೂವರೂ ಬಿಟ್ಟರು. ಒಳಗಿನ ಕಲ್ಲುನೆಲ ಮಂಜಿನಂತಿತ್ತು. ಸ್ವಲ್ಪ ಹೊತ್ತಿಗೆ ಮಂಜಪ್ಪಣ್ಣನ ಪಾದ ಬೆಳ್ಳಗಾಗಿ ಮರಗಟ್ಟಿತು. ಮಾರೀಕೆ ಓಡಿಹೋಗಿ ತಮ್ಮ ಗಂಡನ ಉಣ್ಣೆಯ ಕಾಲುಚೀಲ ತಂದರು. ಕೆಂಪು ಬಣ್ಣ, ಅದರ ಮೇಲೆ ಬಿಳಿ ಜಿಂಕೆಗಳು, ಮೊಣಕಾಲಿನ ತನಕ ಬರುತ್ತಿತ್ತು.

“ಇದು ಹಾಕ್ಕಂಡು ಊದುದಾ?” ಎಂದರು ಮಂಜಪ್ಪಣ್ಣ.

“ಪಂಚೆ ಇಳ್ಸಿ ಬಿಟ್ರೆ ಜಿಂಕೆ ಕಾಣುದಿಲ್ಲ,” ಎಂದ ಸುಬ್ಬ. “ಎರಡೋ ಮೂರೋ ಕಾಣಬಹುದು.”

ಮೌರಿ ಊದಲು ಹೊಟ್ಟೆಯಲ್ಲಿ ಬಿಸಿ ಇರಬೇಕು. ಹಾಕಿಕೊಂಡರು.

ಸಂಜೆ ನಾನು ಕ್ಯಾಮೆರಾವನ್ನು ಕೊರಳಿಗೆ ಹಾಕಿ, ಫ್ಲ್ಯಾಶ್ ಸಿಕ್ಕಿಸಿ, ಎದುರು ಬಾಗಿಲಿಗೆ ಬಂದೆ. ಬಾಗಿಲಲ್ಲಿ ಒಬ್ಬ ಎತ್ತರದ ಸ್ವಯಂಸೇವಕ. ನನ್ನ ಎದೆಯ ಮೇಲಿನ ಕ್ಯಾಮೆರಾವನ್ನು ನೋಡಿ, ಕೈ ಚಾಚಿ, ತುಂಬ ಸೌಜನ್ಯದಿಂದ ಕೇಳಿದ: ಇದನ್ನು ಇಲ್ಲಿ ಬಿಟ್ಟು ಹೋಗುತ್ತೀರಾ?

ನಾನು ಪತ್ರಿಕೆಯ ಗುರುತಿನ ಚೀಟಿ ತೋರಿಸಿದೆ. ಕುಮಟಾದಲ್ಲಿ ಆ ಚೀಟಿ ತೋರಿಸಿದರೆ ಮಂತ್ರಿಗಳ ಭಾಷಣದ ನಡುವೆ ವೇದಿಕೆಗೆ ಹತ್ತಬಹುದು. ಸಂಗೀತ ಕಛೇರಿಯಲ್ಲಾದರೆ ಸಂಘಟಕರೇ ಓಡಿಬಂದು, ಗವಾಯಿಗಳ ತೊಡೆ ತಟ್ಟಿ, “ಸ್ವಲ್ಪ ಇತ್ಲಾಗೆ ನೋಡಿ, ಪೇಪರಿನವರು ಬಂದಿದ್ದಾರೆ” ಎನ್ನುತ್ತಾರೆ. ಗವಾಯಿಗಳು ತಾನಿನ ನಡುವೆಯೇ ಇತ್ತ ನೋಡುತ್ತಾರೆ. ಈ ತರುಣ ಚೀಟಿಯನ್ನು ಪೂರ್ತಿ ಓದಿ, ಧನ್ಯವಾದ ಹೇಳಿ, ಮತ್ತೆ ಕೈ ಚಾಚಿದ.

ಮಾರೀಕೆಯನ್ನು ಕರೆಸಿದೆ. ಅವರು ಉತ್ಸವದ ಸಮಿತಿಯಲ್ಲಿದ್ದವರು, ನಮ್ಮನ್ನು ಕರೆಸಿದವರು. ಸಂಕಟದ ಮುಖ ಮಾಡಿ ಇಂಗ್ಲಿಷಿನಲ್ಲಿ ವಿವರಿಸಿದರು. ಇಲ್ಲಿ ಜನ ಬರುವುದು ಕೇಳಲು. ಕ್ಯಾಮೆರಾದ ಒಂದು ಕ್ಲಿಕ್ಕಿನಿಂದ ಪಕ್ಕದವರ ಸಂಜೆ ಹಾಳಾಗುತ್ತದೆ. ಉತ್ಸವದ್ದೇ ಒಬ್ಬ ಫೋಟೊಗ್ರಾಫರ್ ಇದ್ದಾನೆ, ಅವನೂ ಮೊದಲ ಕೆಲವು ನಿಮಿಷ ಮಾತ್ರ, ಫ್ಲ್ಯಾಶ್ ಇಲ್ಲದೆ. ಈ ಸಂಜೆ ಅವನು ದೊಡ್ಡ ಸಭಾಂಗಣದಲ್ಲಿದ್ದಾನೆ.

“ನಾನು ತೆಗೆಯಬೇಕಾದದ್ದು ಒಂದೇ ಫೋಟೊ,” ಎಂದೆ. ಹಲ್ಲಿನ ವಿಷಯ ಹೇಳಿದೆ. ದೇವಕ್ಕ ಕೇಳಿದ್ದನ್ನು ಹೇಳಿದೆ.

ಅವರ ಕಣ್ಣು ತೇವವಾಯಿತು. ಇನ್ನು ಒಪ್ಪುತ್ತಾರೆ ಎಂದುಕೊಂಡೆ. “ನಾಳೆ ಬೆಳಿಗ್ಗೆ ತೋಟದಲ್ಲಿ ಊದಲಿ, ನಾನೇ ತೆಗೆಯುತ್ತೇನೆ,” ಎಂದರು.

“ತೋಟದಲ್ಲಿ ಅವರು ಊದುವುದಿಲ್ಲ.”

“ಹಾಗಾದರೆ ನಾನು ಏನೂ ಮಾಡಲಾರೆ. ನಿಮಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕು.”

ನನಗೆ ಆಘಾತವಾದದ್ದು ನಿಷೇಧದಿಂದಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡವರು ಅದೇ ಉಸಿರಿನಲ್ಲಿ ಇಲ್ಲ ಎನ್ನಬಲ್ಲರು ಎಂಬುದರಿಂದ. ನಮ್ಮಲ್ಲಿ ಕರಗುವವರು ಒಪ್ಪುತ್ತಾರೆ, ಒಪ್ಪದವರು ಕರಗುವುದಿಲ್ಲ. ಎರಡನ್ನೂ ಒಟ್ಟಿಗೆ ಮಾಡುವವರನ್ನು ಕಂಡಿರಲಿಲ್ಲ.

ಸುಬ್ಬ ಸುದ್ದಿ ಕೇಳಿ ಹತ್ತಿರ ಬಂದ. “ನನ್ನ ಡೋಲಿನ ಗವಸಿನಲ್ಲಿ ಹಾಕಿ ಒಳ್ಗೆ ತರ್ತೆ. ಯಾರಿಗೂ ಗೊತ್ತಾಗುದಿಲ್ಲ.”

“ಬೇಡ. ನಮ್ಮನ್ನು ಕರೆಸಿದವರ ಹೆಸರು ಕೆಡುತ್ತದೆ.”

“ಸೇತುವೆ ಮೇಲೆ ಸರ್ಕಾರದ ಹೆಸ್ರು ಕೆಡುದಿಲ್ವಾ?”

ಕ್ಯಾಮೆರಾ ಒಪ್ಪಿಸಿದೆ. ಹಿತ್ತಾಳೆಯ ಬಿಲ್ಲೆ ಕೊಟ್ಟರು. ಹಿಂದಿನ ಕೋಣೆಗೆ ಹೋಗಿ ಮಂಜಪ್ಪಣ್ಣನಿಗೆ ವಿಷಯ ತಿಳಿಸಿದೆ. ಅವರು ಪೀಪಿಯನ್ನು ಎಂಜಲಿನಲ್ಲಿ ನೆನೆಸುತ್ತಿದ್ದರು. ತೆಗೆದು, “ಒಳ್ಗೆ ಬಿಡುದೇ ಇಲ್ವಂತಾ?” ಎಂದು ಕೇಳಿ, ಮತ್ತೆ ಬಾಯಲ್ಲಿಟ್ಟುಕೊಂಡರು.

ಮೂರನೆಯ ಸಾಲು

ಇಗರ್ಜಿ ತುಂಬಿತ್ತು. ನಾನು ಹಿಂದಿನ ಗೋಡೆಗೆ ಒರಗಿ ನಿಂತಿದ್ದೆ. ಮೌರಿಯ ಮೊದಲ ಸ್ವರ ಎದ್ದಾಗ ಸಭೆ ಎಷ್ಟು ನಿಶ್ಶಬ್ದವಾಗಿತ್ತೆಂದರೆ, ಪೀಪಿಯಲ್ಲಿ ಗಾಳಿ ಹೊಗುವ ಸದ್ದು ನನ್ನವರೆಗೆ ಬಂತು. ಊರಿನ ದೇವಸ್ಥಾನದ ಅಂಗಳದಲ್ಲಿ ಈ ಮೌರಿಯೊಂದಿಗೆ ಮಕ್ಕಳ ಅಳು, ಗಂಟೆ, ಪ್ರಸಾದದ ಸಾಲಿನ ಜಗಳ ಎಲ್ಲ ಸೇರಿರುತ್ತವೆ. ಅವೆಲ್ಲ ಇಲ್ಲದೆ ಕೇಳಿದಾಗ ಇದು ಯಾವುದೋ ಬೇರೆ ವಾದ್ಯ ಅನಿಸಿತು. ಮಂಜಪ್ಪಣ್ಣ ಬೆಳಗಿನ ಸೇವೆಯ ರಾಗವನ್ನು ಬಹಳ ನಿಧಾನಕ್ಕೆ ಬಿಡಿಸುತ್ತಿದ್ದರು. ಕೆನ್ನೆಗಳು ತೆಂಗಿನಕಾಯಿಯಂತೆ ಉಬ್ಬಿದ್ದವು. ಕಣ್ಣು ಅರೆಮುಚ್ಚಿತ್ತು. ಸುಬ್ಬ ಕೋಲನ್ನು ಡೋಲಿನ ಮೇಲೆ ಇಟ್ಟಷ್ಟೇ ಮೆಲ್ಲಗೆ ಬಡಿಯುತ್ತಿದ್ದ.

ರಾಗ ಮೇಲಿನ ಷಡ್ಜಕ್ಕೆ ಹೋಗಿ ನಿಂತಿತ್ತು. ಆಗ ಮೂರನೆಯ ಸಾಲಿನಿಂದ ಫ್ಲ್ಯಾಶ್ ಚಿಮ್ಮಿತು.

ಆ ಬೆಳಕಿನಲ್ಲಿ ಮಂಜಪ್ಪಣ್ಣನ ಮುಖ ಗೋಡೆಯ ಸುಣ್ಣದಷ್ಟು ಬೆಳ್ಳಗೆ ಕಂಡದ್ದು ನೆನಪಿದೆ. ಮರುಗಳಿಗೆ ಏನಾಗುತ್ತದೆಂದು ನನಗೆ ಹೊಳೆಯುವುದರೊಳಗೆ ಅದು ಆಗಿಹೋಯಿತು. ನಾಲ್ಕೂ ಜನ ಒಟ್ಟಿಗೆ ಗಟ್ಟಿಮೇಳ ಹೊಡೆದರು. ಡೋಲು ಸಿಡಿಯಿತು, ಜಾಗಟೆ ಬಿತ್ತು, ಮೌರಿ ಚೀರಿತು. ಕಲ್ಲಿನ ಕಮಾನುಗಳಿಗೆ ಬಡಿದು ಆ ಸದ್ದು ಎರಡರಷ್ಟಾಗಿ ಮರಳಿತು. ಮುಂದಿನ ಸಾಲಿನ ಒಬ್ಬರು ಎದೆ ಹಿಡಿದುಕೊಂಡರು. ಒಬ್ಬ ಹೆಂಗಸಿನ ಕೈಯಿಂದ ಕಾರ್ಯಕ್ರಮದ ಹಾಳೆ ಹಾರಿತು. ನನ್ನ ಕೈ ತಾನಾಗಿ ಜೇಬಿಗೆ ಹೋಗಿತ್ತು, ಅಕ್ಷತೆ ಹುಡುಕಲು.

ನಿಲ್ಲಿಸುವಂತಿಲ್ಲ. ಗಟ್ಟಿಮೇಳ ಎದ್ದ ಮೇಲೆ ಮಾಂಗಲ್ಯದ ಗಂಟು ಬೀಳುವವರೆಗೆ ನಿಲ್ಲಿಸುವುದು ಅಶುಭ. ಇಲ್ಲಿ ಗಂಟು ಹಾಕುವವರು ಯಾರೂ ಇರಲಿಲ್ಲ. ಅವರು ಊದುತ್ತಲೇ ಇದ್ದರು.

ಮೂರನೆಯ ಸಾಲಿನಲ್ಲಿ ಬೂದು ಕೂದಲಿನ, ಮುತ್ತಿನ ಸರ ಹಾಕಿದ ಒಬ್ಬ ಅಜ್ಜಿ ಎದ್ದು ನಿಂತಿದ್ದರು. ಕೈಯಲ್ಲಿ ಸಾಬೂನಿನ ಪೆಟ್ಟಿಗೆಯಷ್ಟು ಸಣ್ಣ ಕ್ಯಾಮೆರಾ. ಕೈಚೀಲದಲ್ಲಿ ಅಡಗಿಸಿ ತಂದಿದ್ದರು. ಆ ಊರಿನಲ್ಲಿ ಕೆಂಪು ದೀಪಕ್ಕೆ, ಒಂದು ವಾಹನವೂ ಇಲ್ಲದ ರಸ್ತೆಯಲ್ಲಿ ನಿಂತು ಕಾಯುವ ಅಜ್ಜಿಯರನ್ನು ನೋಡುತ್ತ ಬಂದವನಿಗೆ ನಂಬುವುದು ಕಷ್ಟವಾಯಿತು. ಇಬ್ಬರು ಸ್ವಯಂಸೇವಕರು ಬಂದು ಎರಡು ಬದಿ ನಿಂತರು. ಯಾರೂ ಕೈ ಮುಟ್ಟಲಿಲ್ಲ. ಅವರೇ ಕ್ಷಮೆ ಕೇಳುತ್ತ ಸಾಲಿನಿಂದ ಹೊರಬಂದು, ನನ್ನ ಮುಂದೆಯೇ ಹೊರಬಾಗಿಲಿಗೆ ನಡೆದರು.

ಆ ಪೆಟ್ಟಿಗೆಯಲ್ಲಿ ದೇವಕ್ಕನ ಪಟವಿದೆ ಎಂದು ಆಗಷ್ಟೇ ನನಗೆ ಹೊಳೆದದ್ದು. ಹಿಂದೆಯೇ ಓಡಿದೆ. ಹೊರಗಿನ ಪಡಸಾಲೆಯಲ್ಲಿ ಮಾರೀಕೆ ಮೊದಲೇ ನಿಂತಿದ್ದರು. ಅವರು ಏನೋ ಒಂದು ಮಾತು ಹೇಳಿದರು, ಅಜ್ಜಿ ತಲೆಯಾಡಿಸಿದರು. ಮತ್ತೆ ಅಜ್ಜಿ ತಾವೇ ಕ್ಯಾಮೆರಾದ ಬೆನ್ನು ತೆರೆದು, ರೀಲನ್ನು ಹಿಡಿದು, ದೊಡ್ಡ ದೀಪದ ಕೆಳಗೆ ಉದ್ದಕ್ಕೆ ಎಳೆದರು.

“ಬೇಡ, ಬೇಡ, ಅಮ್ಮಾ,” ಎಂದು ನಾನು ಕೂಗಿದ್ದು ಕನ್ನಡದಲ್ಲಿ.

ಕಂದು ಬಣ್ಣದ ಸುರುಳಿ ಅವರ ಮೊಣಕೈಯಿಂದ ಜೋತುಬಿತ್ತು. ಬೆಳಕು ತಾಗಿದ ಮೇಲೆ ಮಾಡುವುದೇನೂ ಇಲ್ಲ. ಅದರಲ್ಲಿ ಅವರ ಮೊಮ್ಮಗಳ ನಾಮಕರಣದ ಚಿತ್ರಗಳೂ ಇದ್ದವೆಂದು ಆಮೇಲೆ ತಿಳಿಯಿತು. ಯಾಕೆ ತೆಗೆದಿರಿ ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಆ ಕೆನ್ನೆಗಳನ್ನು ನೋಡಿ ತಡೆಯಲಾಗಲಿಲ್ಲ ಎಂದರು. ಕೋಟು ಹಾಕಿಕೊಂಡು, ಕತ್ತಿನವರೆಗೆ ಗುಂಡಿ ಹಾಕಿ, ಹೊರಟುಹೋದರು. ಒಳಗೆ ಗಟ್ಟಿಮೇಳ ಇನ್ನೂ ನಡೆದಿತ್ತು.

ಹಿಂದಿನ ಕೋಣೆ

ಚಪ್ಪಾಳೆ ನಿಲ್ಲಲು ಬಹಳ ಹೊತ್ತಾಯಿತು. ಸಭೆ ಎದ್ದು ನಿಂತಿತ್ತು. ಹಿಂದಿನ ಕೋಣೆಯಲ್ಲಿ ಮಂಜಪ್ಪಣ್ಣ ಬಾಯಿಗೆ ಕರವಸ್ತ್ರ ಒತ್ತಿಕೊಂಡು ಕುಳಿತಿದ್ದರು. ತೆಗೆದಾಗ ಅದರಲ್ಲಿ ಕೆಂಪು. ಎರಡು ಹಲ್ಲುಗಳಲ್ಲಿ ಒಂದು ಕರವಸ್ತ್ರದಲ್ಲೇ ಇತ್ತು.

“ತಪ್ಪಾತು ನಾಯಕ್ರೆ,” ಎಂದರು. “ಫ್ಲ್ಯಾಶ್ ಕಂಡ್ತು. ಆಮೇಲೆ ನನ್ನ ಕೈಲಿ ಇರ್ಲಿಲ್ಲ.”

“ಯಾರ ಮದ್ವೆ ಮಾಡಿ ಬಂದ್ವೋ ಏನೋ,” ಎಂದ ಸುಬ್ಬ. “ಒಳ್ಗೆ ಹೋಗಿ ನೋಡ್ಬೇಕು, ಯಾರಾದ್ರೂ ಇಬ್ರು ಗಂಡ ಹೆಂಡ್ತಿ ಆಗಿರ್ಬೇಕು.”

ಮಂಜಪ್ಪಣ್ಣ ನಗಲು ಹೋಗಿ ಬಾಯಿ ಹಿಡಿದುಕೊಂಡರು. ಆಮೇಲೆ ನನ್ನನ್ನೇ ನೋಡುತ್ತ ಕೇಳಿದರು: “ಬೆಳ್ಕು ನಮ್ಮ ಮುಖಕ್ಕೇ ಬಿತ್ತಲ್ದಾ? ಯಾವಾಗ್ಲೂ ತಲೆಗಳ ಆಚೆ ಕಾಣುದು. ಇವತ್ತು ಕಣ್ಣೇ ಕುಕ್ತು. ಪಟ ನಮ್ದೇ ಅಲ್ದಾ?”

ಕೆಟ್ಟ ಸುದ್ದಿಯನ್ನು ಮೊದಲ ವಾಕ್ಯದಲ್ಲಿ ಹೇಳಬೇಕೆಂದು ನಮ್ಮ ಸಂಪಾದಕರು ಕಲಿಸಿದ್ದರು. ಹೇಳಿದೆ. ರೀಲು ಎಳೆದು ಹಾಳುಮಾಡಿದ್ದಾರೆ, ಪಟ ಇಲ್ಲ.

ಅವರು ಹಲ್ಲನ್ನು ಕರವಸ್ತ್ರದಲ್ಲಿ ಮಡಚಿ ಸೊಂಟಕ್ಕೆ ಸಿಕ್ಕಿಸಿದರು. “ಮತ್ತೊಂದೂ ನಾಳೆಯೋ ನಾಡಿದ್ದೋ ಹೋಗ್ತದೆ,” ಎಂದರು. ಆ ಮೇಲೆ ಕಾಲುಚೀಲ ಕಳಚಲು ಬಗ್ಗಿದರು. ಒಂದನ್ನು ಕಳಚಿ ಪಕ್ಕಕ್ಕೆ ಇಟ್ಟರು.

ಮಾರೀಕೆ ಹೊಳೆಯುವ ಮುಖದಿಂದ ಒಳಗೆ ಬಂದರು. ನಿಧಾನ ರಾಗವನ್ನು ಹಾಗೆ ಅರ್ಧಕ್ಕೆ ಸೀಳಿ ಸಿಡಿಲಿನಂತೆ ಮುಗಿಸಿದ್ದನ್ನು ಎಲ್ಲರೂ ಕೊಂಡಾಡುತ್ತಿದ್ದಾರೆ, ಇದು ಎಷ್ಟು ಹಳೆಯ ಪದ್ಧತಿ ಎಂದು ಕೇಳಿದರು. ಫ್ಲ್ಯಾಶ್ ಬಂದಷ್ಟು ಹಳೆಯದು ಎಂದೆ. ಚಪ್ಪರ, ಭಟ್ಟರ ಕೈ, ಫೋಟೊದವನ ಬೆನ್ನು, ಎಲ್ಲ ವಿವರಿಸಿದೆ. ನಮ್ಮ ಕಡೆ ಒಂದು ಇಡೀ ಋತು ಇದ್ದರೂ ಅವರು ದೇವಸ್ಥಾನಗಳಿಗೆ ಮಾತ್ರ ಹೋಗಿದ್ದರು. ಮದುವೆಯ ಊಟಕ್ಕೆ ಯಾರೂ ಕರೆದಿರಲಿಲ್ಲ. ಅವರ ಮುಖದ ಬಣ್ಣ ಇಳಿಯುವುದನ್ನು ನೋಡಿದೆ. ಅಲ್ಲೇ ಇದ್ದ ಡೋಲಿನ ಪೆಟ್ಟಿಗೆಯ ಮೇಲೆ ಕುಳಿತರು.

“ಅಂದರೆ ನಾನು ಹಾಳುಮಾಡಿಸಿದ ಆ ಫೋಟೊ…” ಎಂದರು. ನಿಯಮ ತಪ್ಪೆಂದು ಮಾತ್ರ ಹೇಳಲಿಲ್ಲ. ಮಂಜಪ್ಪಣ್ಣನ ಎದುರು ಮಂಡಿಯೂರಿ, ಅವರ ಕಾಲಿನಿಂದ ಎರಡನೆಯ ಕಾಲುಚೀಲವನ್ನು ತಾವೇ ಎಳೆದು ತೆಗೆದರು. ಮಂಜಪ್ಪಣ್ಣ ಗಾಬರಿಯಿಂದ ಕಾಲು ಹಿಂದೆ ಸೆಳೆದುಕೊಂಡರು.

ಮರುದಿನದ ಸ್ಥಳೀಯ ಪತ್ರಿಕೆ ಆ ಮುಕ್ತಾಯದ ಧೈರ್ಯವನ್ನು ಹೊಗಳಿತ್ತು. ನಮ್ಮ ಕಚೇರಿಯಾಗಿದ್ದರೆ ತಿದ್ದುಪಡಿ ಹಾಕುತ್ತಿದ್ದೆವು. ಹೊರಡುವಾಗ ಮಾರೀಕೆ ಒಂದು ಕ್ಯಾಸೆಟ್ ಕೊಟ್ಟರು. ಕಾರ್ಯಕ್ರಮದ ಧ್ವನಿಮುದ್ರಣ, ಕಲಾವಿದರಿಗೆಲ್ಲ ಕೊಡುವ ರೂಢಿಯಂತೆ. ಬಾಗಿಲಿನ ತರುಣ ಬಿಲ್ಲೆಯನ್ನು ತೆಗೆದುಕೊಂಡು ನನ್ನ ಕ್ಯಾಮೆರಾವನ್ನು ಒರೆಸಿ ಕೊಟ್ಟ. ಅದರಲ್ಲಿನ ರೀಲಿನಲ್ಲಿ ಒಂದೂ ಚಿತ್ರವಿರಲಿಲ್ಲ.

ಮತ್ತೆ ಹೊನ್ನಾವರ

ಕ್ಯಾಮೆರಾ ಹಿಂದಿರುಗಿಸಲು ಹೋದಾಗ ಇಸ್ಮಾಯಿಲ್ ಕಥೆ ಕೇಳಿ, ಏನೂ ತಮಾಷೆ ಮಾಡದೆ, ಕಪಾಟಿನಿಂದ ಒಂದು ಟೇಪ್ ರೆಕಾರ್ಡರ್ ಇಳಿಸಿದ. “ಕ್ಯಾಸೆಟ್ ಕೇಳುವುದಕ್ಕೆ ಅವರ ಮನೆಯಲ್ಲಿ ಇದು ಎಲ್ಲಿರುತ್ತದೆ? ತಗೊಂಡು ಹೋಗಿ,” ಎಂದ.

ಅಷ್ಟರಲ್ಲಿ ಮಂಜಪ್ಪಣ್ಣ ಎರಡನೆಯ ಹಲ್ಲನ್ನೂ ಕೀಳಿಸಿಕೊಂಡಿದ್ದರು. ಮಾತಾಡುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದರು. ಮೌರಿ ಗೋಡೆಯ ಮೊಳೆಯಲ್ಲಿ, ಬಟ್ಟೆಯ ಗವಸಿನೊಳಗೆ. ದೇವಕ್ಕನಿಗೆ ಪಟ ಬರಲಿಲ್ಲವೆಂಬುದು ತಿಳಿದಿತ್ತು. ಯಾಕೆ, ಹೇಗೆ ಎಂಬುದನ್ನು ಗಂಡ ಹೇಳಿರಲಿಲ್ಲ. ನಾನು ಜಗುಲಿಯಲ್ಲಿ ಟೇಪ್ ರೆಕಾರ್ಡರ್ ಇಟ್ಟು ಒತ್ತಿದೆ.

ರಾಗ ನಿಧಾನಕ್ಕೆ ಎದ್ದಿತು. ದೇವಕ್ಕ ಬಾಗಿಲ ಪಟ್ಟಿಗೆ ಒರಗಿ ನಿಂತು, ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಕೇಳಿದರು. “ಜನ ಬರ್ಲಿಲ್ವಾ?” ಎಂದರು ಒಮ್ಮೆ. ತುಂಬಿತ್ತು ಎಂದೆ. ನಂಬಿದಂತೆ ಕಾಣಲಿಲ್ಲ.

ರಾಗ ಮೇಲಕ್ಕೆ ಹೋಗಿ ನಿಂತಿತು. ಗಟ್ಟಿಮೇಳ ಬಿತ್ತು.

“ಹಾಂ, ಪಟ ತೆಗ್ದ್ರು,” ಎಂದು ದೇವಕ್ಕ ಒಳಗೆ ತಿರುಗಿದರು. ಎರಡು ಹೆಜ್ಜೆ ಇಟ್ಟವರು ಅಲ್ಲೇ ನಿಂತರು. ಹಿಂದೆ ತಿರುಗಿ ಗಂಡನನ್ನು ನೋಡಿದರು. “ಅಲ್ಲಿ ಮದ್ವೆ ಇರ್ಲಿಲ್ವಲ್ಲ. ಯಾರ ಪಟ ತೆಗ್ದ್ರು?”

ಮಂಜಪ್ಪಣ್ಣ ಬಾಯಿಯ ಮೇಲಿನ ಕೈ ತೆಗೆಯದೆ ಹೇಳಿದರು: “ನಮ್ದೇ.”

ಆಗ ನಾನು ಎಲ್ಲವನ್ನೂ ಹೇಳಿದೆ. ಅಜ್ಜಿಯ ಕೈಚೀಲ, ಬೆಳಕು, ದೀಪದ ಕೆಳಗೆ ಎಳೆದ ರೀಲು. ದೇವಕ್ಕ ಜಗುಲಿಯ ಅಂಚಿನಲ್ಲಿ ಕುಳಿತು ಕೇಳಿದರು. ಮುಗಿದ ಮೇಲೆ ಗಂಡನ ಕಡೆ ತಿರುಗಿದರು.

“ಆವಾಗ ಎಂತ ಹಾಕಿದ್ರಿ?”

“ಬಿಳಿ ಅಂಗಿ. ಜರಿ ಶಾಲು.”

“ಕುಂಕುಮ?”

“ಇತ್ತು.”

“ಕಾಲಿಗೆ?”

ಮಂಜಪ್ಪಣ್ಣ ನನ್ನ ಮುಖ ನೋಡಿದರು. ನಾನು ಹೊಳೆಯ ಕಡೆ ನೋಡಿದೆ. “ಕಾಲುಚೀಲ,” ಎಂದರು. “ಮಾರಕ್ಕನ ಗಂಡಂದು. ಕೆಂಪು. ಅದ್ರ ಮೇಲೆ ಜಿಂಕೆ.”

“ಪಟದಲ್ಲಿ ಕಾಲು ಬತ್ತಿತ್ತಾ?”

“ಮುಂದೇ ಕೂತಿದ್ರು ಆ ಅಮ್ಮ. ಬತ್ತಿತ್ತು ಅಂತ ಕಾಣ್ತದೆ.”

“ಹಂಗಾರೆ ಬರದ್ದೇ ಒಳ್ಳೇದಾತು,” ಎಂದರು ದೇವಕ್ಕ. “ಜಿಂಕೆ ಕಾಲುಚೀಲದ ಪಟ ಗೋಡೆಗೆ ಹಾಕಿ, ಬಂದವ್ರಿಗೆಲ್ಲ ನಾನು ಎಂತ ಹೇಳ್ಲಿ?”

ಮಂಜಪ್ಪಣ್ಣ ನಕ್ಕರು. ಕೈ ಅಡ್ಡ ಹಿಡಿಯುವುದನ್ನು ಮರೆತಿದ್ದರು.

ದೇವಕ್ಕ ಕಣ್ಣನ್ನು ಸೆರಗಿಗೆ ಒತ್ತಿಕೊಂಡು ಎದ್ದರು. “ನಾಯಕ್ರೆ, ಅದೊಂದು ಜಾಗ ಮತ್ತೊಂದ್ಸಲ ಹಾಕಿ,” ಎಂದರು.

ಟೇಪನ್ನು ಹಿಂದಕ್ಕೆ ಓಡಿಸಿದೆ. ರಾಗ ಮೇಲಿನ ಷಡ್ಜಕ್ಕೆ ಬರುತ್ತಿದ್ದಂತೆ ಮಂಜಪ್ಪಣ್ಣ ಅಂಗಿಯ ಕಾಲರು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಎದುರಿಗೆ ನೋಡುತ್ತ ಕುಳಿತರು. ಗಟ್ಟಿಮೇಳ ಬಿತ್ತು. ದೇವಕ್ಕ ಒಳಗೆ ಹೋಗಿ ಒಲೆಗೆ ಬೆಂಕಿ ಮಾಡಿದರು.